ಗಾಜಿನ ತೊಟ್ಟಿಯ ಹಸಿರು ಹೂಗಳು

ಎರಡನೆಯ ಸಲವೂ ಗರ್ಭ ನಿಲ್ಲದೆ ಹೋದ ಮೇಲೆ ನನ್ನ ಹೆಂಡತಿ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಮನೆ ರಾಜಗೋಪಾಲನಗರದಲ್ಲಿ. ಅವಳು ಮಲ್ಪೆ ಕಡೆಯವಳು. ದಿನಾ ಕಡಲು ನೋಡಿ ಬೆಳೆದವಳಿಗೆ ಇಲ್ಲಿ ಕಿಟಕಿ ತೆಗೆದರೆ ಕಬ್ಬಿಣ ಉಜ್ಜುವ ಸದ್ದು, ಧೂಳು.

ಅವಳ ಅಣ್ಣ ಬೆಂಗಳೂರಿಗೆ ಮೀನಿನ ಲಾರಿ ತರುತ್ತಿದ್ದ. ತಂಗಿಯ ಮುಖ ನೋಡಲಾರದೆ ಒಮ್ಮೆ ಕ್ಯಾನುಗಳಲ್ಲಿ ಕಡಲ ನೀರನ್ನೂ ಬಂಡೆಯ ಸಂದಿಯಿಂದ ಎರಡು ಕಲ್ಲುಗಳನ್ನೂ ತಂದುಕೊಟ್ಟ. ನಾನು ಗಾಜಿನ ತೊಟ್ಟಿ ಕಟ್ಟಿ, ಗಾಳಿಯೂದುವ ಪುಟ್ಟ ಮೋಟರು ಕೂಡಿಸಿದೆ. ಒಂದು ಕಲ್ಲಿಗೆ ಕೆಂಪು ಕಡಲಹೂ ಅಂಟಿತ್ತು. ಹೆಸರಿಗೆ ಹೂ, ನಿಜಕ್ಕೂ ಪ್ರಾಣಿ. ಮೀನಿನ ಚೂರು ಕೊಟ್ಟರೆ ಎಸಳು ಮಡಚಿ ನುಂಗುತ್ತಿತ್ತು. ಇನ್ನೊಂದರ ಮೇಲೆ ಅಂಗಿಯ ಗುಂಡಿಗಳಂಥ ಹಸಿರು ಹೂಗಳು, ಹವಳದ ಬಳಗದ ಮೆತ್ತನೆಯ ಜೀವಿಗಳು. ಅವಳು ಕೆಂಪು ಹೂವಿಗೆ ತನ್ನ ಕೈಯಾರೆ ಉಣಿಸತೊಡಗಿದಳು. ಎಷ್ಟೋ ತಿಂಗಳ ಮೇಲೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು.

ಮಳೆಗಾಲ ಮುಗಿಯುವಷ್ಟರಲ್ಲಿ ಹಸಿರು ಗುಂಡಿಗಳು ಕಲ್ಲಿಂದ ಕಲ್ಲಿಗೆ ದಾಟಿದವು. ಗಾಜಿಗೂ ಹತ್ತಿದವು. ಕೆಂಪು ಹೂ ಮೂಲೆಗೆ ಸರಿದು ಮುದುಡಿತು.

"ಇವನ್ನು ತೆಗೀರಿ ಮಾರಾಯ್ರೆ, ಪಾಪ ಅದಕ್ಕೆ ಉಸಿರಾಡ್ಲಿಕ್ಕೂ ಜಾಗ ಇಲ್ಲ."

ಬ್ಲೇಡಿನಿಂದ ಕೆರೆದೆ. ಕೆರೆದ ಚೂರುಗಳು ಬಿದ್ದಲ್ಲೇ ಕಚ್ಚಿಕೊಂಡು ಮತ್ತೆ ಅರಳಿದವು. ಬ್ರಷ್ಷಿನಿಂದ ತಿಕ್ಕಿದೆ, ಕಲ್ಲನ್ನು ಬಿಸಿಲಿಗಿಟ್ಟೆ. ಸತ್ತವೆಂದು ನೀರಿಗೆ ಬಿಟ್ಟರೆ ವಾರದೊಳಗೆ ಸಂದಿಯಿಂದ ಹಸಿರು ಇಣುಕುತ್ತಿತ್ತು. ಇದನ್ನು ಕೇಳಿ ಪಕ್ಕದ ಮನೆಯ ಲೇತ್ ಆಪರೇಟರ್ ನಕ್ಕ: "ಕಲ್ಲನ್ನ ಒಂದ್ಸಲ ಕುದಿಸ್ಬಿಡಿ ಗುರು. ಬಿಸಿನೀರಲ್ಲಿ ಯಾವ್ದು ಉಳಿಯತ್ತೆ?" ನನ್ನ ಹೆಂಡತಿಯೂ ಅದನ್ನು ಕೇಳಿಸಿಕೊಂಡಳು.

ಮರುದಿನ ಶಿಫ್ಟು ಮುಗಿಸಿ ಬಂದಾಗ ಮನೆಯೆಲ್ಲ ಹಬೆ, ಒಣಮೀನಿನ ವಾಸನೆ. ಒಲೆಯ ಮೇಲಿದ್ದ ಪಾತ್ರೆಯಲ್ಲಿ ಹಸಿರು ಕಲ್ಲು. ಅವಳು ಗೋಡೆಗೊರಗಿ ಕೂತು ಏದುಸಿರು ಬಿಡುತ್ತಿದ್ದಳು. "ಬಾಯೆಲ್ಲ ಕಹಿ, ತಾಮ್ರ ನೆಕ್ಕಿದ ಹಾಗೆ," ಅಂದಳು. ಮೈ ನಡುಗುತ್ತಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ.

ನಾನು ಹೇಳಿದ್ದನ್ನು ಡಾಕ್ಟರು ನಂಬಲಿಲ್ಲ. "ಕಲ್ಲು ಕುದಿಸಿದ್ರೆ ಯಾರಿಗ್ರೀ ಹೀಗಾಗತ್ತೆ?" ಆ ಹಸಿರು ಗುಂಡಿಗಳಲ್ಲಿ ವಿಷವಿರುತ್ತದೆ, ಕುದಿಸಿದರೆ ಅದು ಹಬೆಯಲ್ಲೇ ಏರುತ್ತದೆ ಎಂದು ನನಗೆ ತಿಳಿದದ್ದೂ ತೀರಾ ಈಚೆಗೆ.

ಅವಳ ಜೀವ ಉಳಿಯಿತು, ಉಸಿರು ಮಾತ್ರ ಮೊದಲಿನಂತಾಗಲಿಲ್ಲ. ಒಂದು ಕೊಡ ನೀರು ಎತ್ತಿದರೂ ಕೂತುಬಿಡುತ್ತಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೆಟ್ಟಗೆ ತೊಟ್ಟಿಯ ಮುಂದೆ ಹೋಗಿ ನಿಂತಳು. ನೋಡುವವರಿಲ್ಲದೆ ಮೋಟರು ನಿಂತುಹೋಗಿತ್ತು. ಕೆಂಪು ಹೂ ಕರಗಿ ಲೋಳೆಯಾಗಿತ್ತು. ಗಾಜಿನ ತುಂಬ ಹಸಿರು ಗುಂಡಿಗಳು ಅರಳಿಕೊಂಡು ನಿಂತಿದ್ದವು.

ಅವಳು ಅಳಲಿಲ್ಲ. "ಹೊರಗೆ ಹಾಕಿ," ಅಂದಳು. ನಾನು ತೊಟ್ಟಿಯನ್ನು ಮೋರಿಗೆ ಬಗ್ಗಿಸುವಾಗ ಬಾಗಿಲಲ್ಲಿ ನಿಂತು, ಉಸಿರು ಎಳೆದುಕೊಳ್ಳುತ್ತ, "ಇನ್ನು ಈ ಮನೆಗೆ ಜೀವ ಇರುವುದು ಯಾವುದನ್ನೂ ತರಬೇಡಿ," ಎಂದಳು.

ನಾನು ತರಲಿಲ್ಲ. ಅವಳ ಅಣ್ಣ ಊರಿಗೆ ಕರೆದ, ಅವಳು ಹೋಗಲಿಲ್ಲ. ಕಡಲಿನ ಮಾತನ್ನು ಆಮೇಲೆ ಅವಳ ಬಾಯಲ್ಲಿ ನಾನು ಕೇಳಲೇ ಇಲ್ಲ.