ಕುಂಕುಮ ಹಚ್ಚಿದ ಕಾರ್ಡುಗಳು

ಓದೋರಿಗೆಲ್ಲ ನಮಸ್ಕಾರ. ತಡವಾಗಿ ಶಾಲೆ ಕಲಿತವನು ನಾನು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಅರವತ್ತರ ದಶಕದಲ್ಲಿ ಭದ್ರಾವತಿಯ ಒಂದು ಆಫೀಸಲ್ಲಿ, ಕಾರ್ಡಿಗೆ ತೂತು ಹೊಡೆದು ಲೆಕ್ಕದ ಮಿಷಿನ್ನಿಗೆ ಕೆಲಸ ಹೇಳೋದನ್ನ ಕಲಿಸ್ತಿದ್ದೆ. ಜನ್ನಾಪುರದ ಒಬ್ಬ ಹೆಣ್ಣುಮಗಳು ಚೆನ್ನಾಗಿ ಕಲಿತಿದ್ಲು. ಆಯುಧಪೂಜೆ ಮುಗಿದ ಮೇಲೆ ಅವಳ ಪರೀಕ್ಷೆ. ಸಾಹೇಬ್ರ ಎದುರಿಗೇ ಅವಳ ಕಾರ್ಡುಗಳು ಮಿಷಿನ್ನಲ್ಲಿ ಸಿಕ್ಕಾಕ್ಕೊಂಡ್ವು.

"ಇದು ನನ್ನ ತಲೆಗೆ ಹತ್ತಲ್ಲ ಮೇಷ್ಟ್ರೇ, ನಾಳೆಯಿಂದ ಬರಲ್ಲ" ಅಂದ್ಲು.

ಪೂಜೆ ದಿನ ಖಾಲಿ ಕಾರ್ಡಿನ ಕಟ್ಟಿಗೆ ನೀರಲ್ಲಿ ಕಲಸಿದ ಕುಂಕುಮ ಹಚ್ಚಿದ್ದು ನಾನೇ. ಅಂಚು ಒದ್ದೆಯಾಗಿ ಉಬ್ಬಿತ್ತು. ಪರೀಕ್ಷೆಗೆ ಅವಳು ತೂತು ಹೊಡೆದಿದ್ದು ಅದೇ ಕಟ್ಟಿನ ಕಾರ್ಡುಗಳಿಗೆ, ಅದಕ್ಕೇ ಸಿಕ್ಕಾಕ್ಕೊಂಡಿದ್ದು. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ಹೇಳದಿದ್ರೆ ಅವಳು ಹೋಗ್ತಾಳೆ.

ಹೇಳ್ದೆ. ಸಾಹೇಬ್ರು ಒಂದು ಕಾರ್ಡನ್ನ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ್ರು.

"ತೂತೆಲ್ಲ ಸರಿಯಾಗೇ ಇದಾವೆ. ಮುಂದಿನ ವರ್ಷ ಬಾಗಿಲಿಗೆ ಹಚ್ಚು ಮಾರಾಯ" ಅಂದ್ರು.

ಅವಳು ಹೊಸ ಕಾರ್ಡು ತಗೊಂಡು ಕೂತ್ಲು. ಕಲಿಸೋಕೆ ಹೋಗಿ ನೀವೂ ಹಿಂಗೆ ಹೆದರಿದ್ರೆ ಬರೀರಿ.