ದೌಲತರಾಯನ ಪ್ಲಗ್ಗು

ಅಫಜಲಪುರದ ವ್ಯಾಪಾರಿ ಸಂಘದವರು ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. ತೀರಿಹೋದ ನನ್ನ ಗಂಡ ದೌಲತರಾಯನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಹೇಳಿಕಳಿಸಿದ್ದಾರೆ. ನಾಲ್ಕು ಸಿಗಲಿಲ್ಲ. ಬೀಡಿ ಸೇದುತ್ತಿರಲಿಲ್ಲ, ಅದೊಂದು. ಉಳಿದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅವನು ಬದುಕಿರುವ ತನಕ ನಾನು ಹೆಸರು ಹಿಡಿದು ಕರೆದವಳಲ್ಲ. ಈಗ ಕರೆಯುತ್ತೇನೆ, ಯಾರು ತಡೆಯುತ್ತಾರೋ ನೋಡೋಣ.

ಎಂಬತ್ತರ ದಶಕದ ಕೊನೆಯ ಮಾತು. ಬಸ್ ನಿಲ್ದಾಣದ ರಸ್ತೆಯಲ್ಲಿ ನಮ್ಮದು ಬ್ಯಾಟರಿ ಚಾರ್ಜಿಂಗ್ ಅಂಗಡಿ, ಹಿಂದಿನ ಕೋಣೆಯಲ್ಲೇ ಸಂಸಾರ. ಹಳ್ಳಿಗಳಿಗೆ ಟೀವಿ ಬಂದಿತ್ತು, ಕರೆಂಟು ಮಾತ್ರ ಇದ್ದರೂ ಇಲ್ಲದ ಲೆಕ್ಕ. ಹೀಗಾಗಿ ಜನ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಟೀವಿ ನಡೆಸುತ್ತಿದ್ದರು. ಅದು ಇಳಿದಾಗ ಸೈಕಲ್ಲಿಗೆ ಕಟ್ಟಿಕೊಂಡು ಬಂದು ನಮ್ಮಲ್ಲಿ ಕೊಟ್ಟು ಮರುದಿನ ಒಯ್ಯುವರು. ಬ್ಯಾಟರಿಗೆ ನೀರು ಹಾಕುವುದು, ಮೇಲಿನ ಬಿಳಿ ಪುಡಿ ಒರೆಸುವುದು ನನ್ನ ಕೆಲಸ. ಆಸಿಡ್ಡು ಸಿಡಿದು ನನ್ನ ಒಂದು ಸೀರೆಯೂ ನೆಟ್ಟಗೆ ಉಳಿದಿರಲಿಲ್ಲ. ಆದರೆ ವೈರು ಮುಟ್ಟುವ ಹಾಗಿರಲಿಲ್ಲ. "ಅದು ಹೆಂಗಸ್ರ ಕೆಲಸಲ್ಲ, ಸರಿ ಬೇ ಅತ್ಲಾಗ" ಎನ್ನುವನು ದೌಲತರಾಯ.

ಎದುರಿನ ಅಂಗಡಿ ಅಮೀರುನ್ನಿಸಾಳದು. ಗಂಡ ಸತ್ತ ಮೇಲೆ ತಾನೇ ಚಾರ್ಜರಿನ ಮುಂದೆ ಕೂತವಳು. ಒಬ್ಬ ಹೆಂಗಸು ಕಣ್ಣೆದುರಿಗೇ ತನ್ನ ದಂಧೆ ಮಾಡುವುದನ್ನು ಕಂಡು ದೌಲತರಾಯನ ಹೊಟ್ಟೆ ಉರಿಯುತ್ತಿತ್ತು. ಅವಳಲ್ಲಿದ್ದದ್ದು ಎಲ್ಲ ಕಡೆ ಇರುವಂಥ ಕ್ಲಿಪ್ಪು, ಯಾವ ಬ್ಯಾಟರಿಗಾದರೂ ಹತ್ತುತ್ತದೆ. ನಮ್ಮಲ್ಲೂ ಅದೇ ಇತ್ತು. ಗಿರಾಕಿ ಇವತ್ತು ಇಲ್ಲಿ, ನಾಳೆ ಅಲ್ಲಿ. ಅದನ್ನು ತಪ್ಪಿಸಲು ದೌಲತರಾಯ ತನ್ನದೇ ಒಂದು ಪ್ಲಗ್ಗು ಮಾಡಿದ. ಒಂದು ಪಿನ್ನು ಚಪ್ಪಟೆ, ಒಂದು ಗುಂಡು. ಅವನ ಚಾರ್ಜಿಂಗ್ ಬೋರ್ಡು ಬಿಟ್ಟು ಬೇರೆ ಎಲ್ಲಿಯೂ ಅದು ಕೂಡುತ್ತಿರಲಿಲ್ಲ. ಬಂದ ಬ್ಯಾಟರಿಗೆಲ್ಲ ಪುಕ್ಕಟೆ ಆ ಪ್ಲಗ್ಗು ಹಚ್ಚಿ, ವೈರು ಕೂಡಿಸಿದ, ಬ್ಯಾಟರಿ ನೆತ್ತಿಯ ಎರಡು ಸೀಸದ ಗೂಟಗಳ ಮೇಲೆ ಡಾಂಬರು ಸುರಿದು ಮುಚ್ಚಿಬಿಡುವನು. ಹಳ್ಳಿಗೆ ಹೋಗಿ ಟೀವಿಯ ವೈರಿಗೂ ತನ್ನ ಸಾಕೆಟ್ಟನ್ನೇ ಜೋಡಿಸಿ ಬರುವನು.

"ಡಾಂಬರ್ ಇದ್ರ ಜಂಗ್ ಹಿಡೆಂಗಿಲ್ರಿ. ಒಡದ್ರಿ ಅಂದ್ರ ಬ್ಯಾಟ್ರಿ ಸತ್ತಂಗ" ಎಂದು ಎಲ್ಲರಿಗೂ ತಾಕೀತು ಮಾಡಿದ್ದ. ಈ ತುಕ್ಕಿನ ಮಾತನ್ನು ಜನ ನಂಬಿದರು. ಸುಳ್ಳು ಹೇಳುವಾಗ ಅವನ ಮುಖ ಅಷ್ಟು ಶಾಂತವಾಗಿರುತ್ತಿತ್ತು.

ಒಂದು ಶನಿವಾರ ನಮ್ಮ ಬೋರ್ಡು ತುಂಬಿತ್ತು. ಮಣ್ಣೂರಿನ ಮಲ್ಕಪ್ಪನಿಗೆ ರವಿವಾರದ ಟೀವಿ ತಪ್ಪಬಾರದು. ಬ್ಯಾಟರಿ ಹೊತ್ತು ಎದುರಿಗೆ ಹೋದ. ಅಮೀರುನ್ನಿಸಾ ಡಾಂಬರು ಒಡೆದು ನೋಡುತ್ತೇನೆಂದರೆ ಮಲ್ಕಪ್ಪನೇ ಬಿಡಲಿಲ್ಲ. "ಬ್ಯಾಡ್ರಿ, ಜಂಗ್ ಹಿಡೀತದ" ಎಂದ. ಅವಳು ಪ್ಲಗ್ಗು ಕತ್ತರಿಸಿ, ಕೆಂಪು ವೈರಿಗೆ ಕೆಂಪು ಕ್ಲಿಪ್ಪು, ಕರಿಯದಕ್ಕೆ ಕರಿಯದು ಹಚ್ಚಿದಳು. ಮರುದಿನ ಬ್ಯಾಟರಿ ಕುದಿದು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ನಾತ ನಮ್ಮ ಅಡುಗೆಯ ತನಕ ಬಂತು.

ದೌಲತರಾಯ ರಸ್ತೆಯ ನಡುವೆ ನಿಂತು ಕೂಗಿದ: "ಹೆಂಗಸ್ರ ಕೈಯಾಗ ಕೊಟ್ರ ಹಿಂಗೇ ಆಗೂದು! ಇನ್ನ ಯಾರ್ಯಾರ್ದು ಸುಡಬೇಕದ, ಹೋಗಿ ಸುಡಿಸ್ಕೊಳ್ರಿ!"

"ನಾ ಕೆಂಪಿಗೆ ಕೆಂಪೇ ಹಚ್ಚೀನಿ, ಖುದಾ ನೋಡ್ಯಾನ" ಎಂದು ಅಮೀರುನ್ನಿಸಾ ತನ್ನ ಕಟ್ಟೆಯ ಮೇಲೆ ನಿಂತು ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಅಂಗಡಿಗೆ ನೊಣ ಕೂಡ ಹೋಗದಂತಾಯಿತು.

ಮುಂದಿನ ಬೇಸಿಗೆಯಲ್ಲಿ ದೌಲತರಾಯನಿಗೆ ಲಕ್ವಾ ಹೊಡೆಯಿತು. ಬಲಭಾಗ ಬಿತ್ತು, ಮಾತು ಹೋಯಿತು. ಎಡಗೈ, ಕಿವಿ, ಬುದ್ಧಿ ನೆಟ್ಟಗಿದ್ದವು. ನನಗೆ ಮಕ್ಕಳಿಲ್ಲ. ಅಂಗಡಿ ಮುಚ್ಚಿದರೆ ಯಡ್ರಾಮಿಯ ತವರಿಗೆ ಹೋಗಿ ಅತ್ತಿಗೆಯ ಕೈ ನೋಡುತ್ತ ಕೂರಬೇಕು. ನಾನು ಸಾಯಲೂ ತಯಾರಿದ್ದೆ, ಅದಕ್ಕೆ ತಯಾರಿರಲಿಲ್ಲ. ಬೀಗ ತೆಗೆದೆ.

ಮೊದಲು ಬಂದವನು ಮಲ್ಕಪ್ಪನೇ. ಹೊಸ ಬ್ಯಾಟರಿ, ಅದಕ್ಕೂ ದೌಲತರಾಯನ ಪ್ಲಗ್ಗು, ಡಾಂಬರು. ನಮ್ಮ ಬೋರ್ಡಿನಲ್ಲಿ ನೋಡಲು ಒಂದೇ ತರಹದ ಎರಡು ಸಾಕೆಟ್ಟು. ಕೆಲವು ಬ್ಯಾಟರಿಗಳನ್ನು ಅವನು ಎಡಕ್ಕೆ, ಕೆಲವನ್ನು ಬಲಕ್ಕೆ ಕೂಡಿಸುವುದನ್ನು ನೋಡಿದ್ದೆ. ಯಾಕೆಂದು ಗೊತ್ತಿರಲಿಲ್ಲ. ಒಳಗೆ ಹೋಗಿ ಮಂಚದ ಹತ್ತಿರ ಕೂತೆ.

"ಏನ್ರಿ, ಮಲ್ಕಪ್ಪಂದು ಎಡಕ್ಕ ಹಾಕ್ಲೋ ಬಲಕ್ಕ ಹಾಕ್ಲೋ?"

ದೌಲತರಾಯ ಬೆರಳೆತ್ತಿ ಎಡಕ್ಕೆ ತೋರಿಸಿದ.

"ಖರೇನೇ ಎಡಕ್ಕರಿ? ಅಂಗಡಿ ನಡೀಲಿಲ್ಲಂದ್ರ ನಿಮಗೂ ಗಂಜಿ ಇಲ್ಲ ಮತ್ತ."

ಮತ್ತೆ ಎಡಕ್ಕೇ ತೋರಿಸಿದ.

ಮರುದಿನ ಮುಂಜಾನೆ ಅದೇ ನಾತ. ಮಲ್ಕಪ್ಪನ ಬ್ಯಾಟರಿ ಉಬ್ಬಿ, ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಓಡಿದೆ. ದೌಲತರಾಯ ನಗುತ್ತಿದ್ದ. ಅರ್ಧ ಬಾಯಿ ಸತ್ತಿತ್ತು, ಉಳಿದರ್ಧದಲ್ಲಿ ನಗುತ್ತಿದ್ದ. ಉಪವಾಸ ಬಿದ್ದರೂ ಅಡ್ಡಿಯಿಲ್ಲ, ಹೆಂಡತಿ ಅಂಗಡಿ ನಡೆಸಬಾರದು. ಅಷ್ಟು ವರ್ಷ ಸಂಸಾರ ಮಾಡಿದ ಗಂಡಸು ಎಂಥವನೆಂದು ನನಗೆ ಆ ಮುಂಜಾನೆ ಪೂರ್ತಿ ತಿಳಿಯಿತು.

ಉಳಿ, ಸುತ್ತಿಗೆ ತಂದು ಡಾಂಬರು ಒಡೆದೆ. ದಪ್ಪ ಗೂಟದ ಮೇಲೆ ಅಧಿಕ ಚಿಹ್ನೆ ಅಚ್ಚಾಗಿದೆ, ತೆಳುವಿನ ಮೇಲೆ ಗೀಟು. ಕಂಪನಿಯವರು ಕುರುಡನೂ ಮುಟ್ಟಿ ತಿಳಿಯುವಂತೆ ಮಾಡಿಟ್ಟಿದ್ದಾರೆ. ಕೆಂಪು ವೈರು ದಪ್ಪ ಗೂಟಕ್ಕೆ ಹೋಗಬೇಕು, ನನ್ನ ಗಂಡ ಅದನ್ನು ತೆಳು ಗೂಟಕ್ಕೆ ಹಚ್ಚಿದ್ದ. ಎಡದ ಸಾಕೆಟ್ಟು ಸರಿಯಾದವುಗಳಿಗೆ, ಬಲದ್ದು ಬೇರೆಯವರ ಕೈಯಲ್ಲಿ ಸುಡಲೆಂದು ಹೀಗೆ ಬೇಕೆಂದೇ ತಿರುವಿಟ್ಟವುಗಳಿಗೆ. ಅಮೀರುನ್ನಿಸಾ ಸುಟ್ಟದ್ದೂ ಇಂಥದೇ ಇರಬೇಕು.

ಆ ಬ್ಯಾಟರಿ ಹೊತ್ತುಕೊಂಡು ಹೋಗಿ ಅವಳ ಕಟ್ಟೆಯ ಮೇಲಿಟ್ಟೆ.

"ಯಾಕ ಬಂದಿ? ಇನ್ನೇನ್ ಕೆಡಸೂದದ ನಂದು?" ಎಂದಳು.

"ವೈರ್ ನೋಡು."

ನೋಡಿದಳು. "ನನಗ್ಯಾಕ ತೋರಸ್ತಿ? ನಾ ಸುಟ್ಟಿಲ್ಲಂತ ನನಗ ಗೊತ್ತದ. ಬಜಾರಕ್ಕ ತೋರಸು, ಹೋಗು." ಕೂಡು ಎನ್ನಲಿಲ್ಲ, ನೀರು ಕೊಡಲಿಲ್ಲ. ಕೊಟ್ಟಿದ್ದರೆ ನನಗೇ ನಾಚಿಕೆಯಾಗುತ್ತಿತ್ತು.

ಸಂತೆಯ ದಿನ ಅಂಗಡಿಗೆ ಬಂದಿದ್ದ ಗಿರಾಕಿಗಳ ಬ್ಯಾಟರಿಗಳನ್ನೆಲ್ಲ ರಸ್ತೆಗೆ ತಂದಿಟ್ಟೆ. ನನ್ನ ಗಂಡ ನಿಂತು ಕೂಗಿದ್ದ ಜಾಗದಲ್ಲೇ ಕೂತು ಒಂದೊಂದರ ಡಾಂಬರು ಒಡೆದು ತೋರಿಸಿದೆ. "ಇದು ಸೀದಾ. ಇದು ಉಲ್ಟಾ. ಇದೂ ಉಲ್ಟಾ." ಮಲ್ಕಪ್ಪನಿಗೆ ಸುಟ್ಟದ್ದರ ಬದಲು ನಮ್ಮ ಅಂಗಡಿಯ ಬ್ಯಾಟರಿಯನ್ನೇ ಕೊಟ್ಟಿದ್ದೆ, ಆದರೂ ಅವನ ಸಿಟ್ಟು ಇಳಿದಿರಲಿಲ್ಲ. ಕಿತ್ತ ಪ್ಲಗ್ಗುಗಳನ್ನು ಕಾಲಿನಿಂದ ಗಟಾರಕ್ಕೆ ತಳ್ಳುತ್ತ, "ಅಂವಾ ಎದ್ದು ಬರ್ಲಿ, ಅವನ್ ಹಲ್ಲ ಮುರೀತೇನಿ" ಎಂದು ಒದರಾಡಿದ. ಅಮೀರುನ್ನಿಸಾ ತನ್ನ ಬಾಗಿಲಲ್ಲಿ ಕೈಕಟ್ಟಿ ನಿಂತು ಕೊನೆಯ ತನಕ ನೋಡಿದಳು.

ಆಮೇಲೆ ನಾನೂ ಸಾದಾ ಕ್ಲಿಪ್ಪನ್ನೇ ಇಟ್ಟೆ. ಉಲ್ಟಾ ಬ್ಯಾಟರಿಗಳಿಗೆ ಹೊಂದಲೆಂದು ಅವನು ತಿರುವಿದ್ದ ಟೀವಿಯ ವೈರುಗಳನ್ನೂ ತರಿಸಿ ಸರಿ ಮಾಡಿಕೊಟ್ಟೆ. ನನ್ನಲ್ಲಿ ತುಂಬಿದರೆ ಗಿರಾಕಿಯನ್ನು ಎದುರಿಗೆ ಕಳಿಸುತ್ತಿದ್ದೆ, ಅವಳಲ್ಲಿ ತುಂಬಿದರೆ ನನ್ನಲ್ಲಿಗೆ ಬರುತ್ತಿದ್ದರು. ನಾವಿಬ್ಬರೂ ಇವತ್ತಿನವರೆಗೂ ಒಂದು ಚಹಾ ಕೂಡಿ ಕುಡಿದಿಲ್ಲ.

ದೌಲತರಾಯ ಅದಾದ ಮೇಲೂ ಕೆಲವು ವರ್ಷ ಬದುಕಿದ. ಅವನ ಮಂಚವನ್ನು ಒಳಗಿನಿಂದ ಎಳೆದು ಅಂಗಡಿಯ ಬಾಗಿಲಿಗೆ ಹಾಕಿಸಿದೆ, ಮುಖ ರಸ್ತೆಯ ಕಡೆಗೆ. ನಮ್ಮ ಬ್ಯಾಟರಿಗಳು ಎದುರಿಗೆ ಹೋಗುವುದು, ಎದುರಿನವು ನಮ್ಮಲ್ಲಿಗೆ ಬರುವುದು ಅವನಿಗೆ ಚೆನ್ನಾಗಿ ಕಾಣಬೇಕೆಂದು ದಿನಾ ಮುಂಜಾನೆ ತಲೆದಿಂಬು ಎತ್ತರಿಸುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡರೆ, ಮುಖ ತೊಳೆಸುವ ನೆವದಲ್ಲಿ ತಣ್ಣೀರು ಹಾಕಿ ತೆರೆಸುತ್ತಿದ್ದೆ.

"ಗುರುಬಾಯಿ ಗಂಡನ ಸೇವಾ ಎಷ್ಟ್ ಮಾಡ್ತಾಳ ನೋಡ್ರಿ" ಎಂದು ಸಂಘದವರೇ ಹೊಗಳಿದ್ದರು. ಬೇಕಿದ್ದರೆ ಅದನ್ನೂ ಅಚ್ಚು ಹಾಕಲಿ. ಅದು ಸೇವೆಯಾಗಿರಲಿಲ್ಲ.