ತಳದಲ್ಲೊಂದಿಷ್ಟು ಸಿಹಿನೀರು

ಶಿಡ್ಲಘಟ್ಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೇಷ್ಮೆಗೂಡು ಬೇಯುವ ನೀರಿಗೆ ಬೆರಳದ್ದಿದ ಅಮಾನುಲ್ಲಾ, "ಅಮ್ಮೀ, ಇನ್ನೊಂದು ಸೌದೆ" ಎನ್ನುತ್ತಾರೆ. ಒಲೆಯ ಮುಂದೆ ಕೂತ ತಾಯಿ ವಜೀರುನ್ನೀಸಾ ಸೌದೆ ತಳ್ಳುತ್ತಾರೆ. ಚರಕ ತಿರುಗುತ್ತದೆ. ಈ ಬೀದಿಯಲ್ಲಿ ನೂಲು ತೆಗೆಯುವವರಿಗೇನೂ ಬರವಿಲ್ಲ. ಅರಬ್ಬಿ ಸಮುದ್ರದ ಆಳದಿಂದ ನೀರು ಸೇದಿದವರು ಮಾತ್ರ ಇವರೊಬ್ಬರೇ.

ಹಲವು ದೇಶಗಳು ಕೂಡಿ ಹಿಂದೂ ಮಹಾಸಾಗರವನ್ನು ಅಳೆಯುತ್ತಿರುವ ಕಾಲವಿದು. ಕೊಚ್ಚಿಯಲ್ಲಿ ಮೂಟೆ ಹೊರಲು ಹೋಗಿದ್ದ ಅಮಾನುಲ್ಲಾರನ್ನು 1963ರಲ್ಲಿ ಅಂಥದೊಂದು ಹಡಗು ಕೂಲಿಗೆ ಹತ್ತಿಸಿಕೊಂಡಿತು. ತಂತಿಗೆ ಕಟ್ಟಿದ ಕೊಳವೆಗಳನ್ನು ಆಳಕ್ಕಿಳಿಸಿ ನೀರು ಎಳೆಯುವುದು, ಗಾಜಿನ ಬಾಟಲಿಗಳನ್ನು ತೊಳೆದಿಡುವುದು ಇವರ ಕೆಲಸ.

"ಸಮುದ್ರ ವರ್ಷವೆಲ್ಲಾ ಒಂದೇ ಥರ ಇರಲ್ಲ ಸಾರ್. ಮಳೆಗೆ ಮುಂಚೆ ಮೇಲಿನ ನೀರು ಕೈಗೆ ಬೆಚ್ಚಗಿರುತ್ತೆ. ಮುಂಗಾರು ಗಾಳಿ ಎದ್ರೆ ತಣ್ಣಗಾಗೋಗುತ್ತೆ. ಉಪ್ಪೂ ಅಷ್ಟೆ, ಏರುತ್ತೆ, ಇಳಿಯುತ್ತೆ. ಅದಕ್ಕೇ ಒಂದೊಂದು ಕಾಲದಲ್ಲೂ ಅದೇ ಜಾಗಕ್ಕೆ ಹೋಗ್ಬೇಕು." ಮಾತಾಡಿಸಲು ಬಂದ ನನಗೆ ಅಮಾನುಲ್ಲಾ ಬಿಡಿಸಿ ಹೇಳುತ್ತಾರೆ.

ಪಕ್ಕದ ಮನೆಯ ಕೋನಪ್ಪ ಬಾಗಿಲಲ್ಲೇ ನಿಂತು ಛೇಡಿಸುತ್ತಾರೆ: "ನೀರು ಸೇದಕ್ಕೆ ಅಷ್ಟು ದೂರ ಹೋಗ್ಬೇಕೇನಯ್ಯಾ? ನಮ್ಮ ಬಾವಿ ಇರಲಿಲ್ವಾ?"

ಅಮಾನುಲ್ಲಾ ನಗುವುದಿಲ್ಲ. ಕಾರಣ ಉಂಟು. ಈ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಕೊಡುವುದು. ಕಳೆದ ಮೇ ತಿಂಗಳಲ್ಲಿ ಇವರು ತೊಳೆದ ಬಾಟಲಿಗಳನ್ನು ಒಪ್ಪಿಸುವಾಗ ಅದೇ ರೂಢಿಯಲ್ಲಿ ಒಂದೊಂದರ ತಳದಲ್ಲೂ ಒಂದು ಗುಟುಕು ಕುಡಿಯುವ ನೀರು ಬಿಟ್ಟರು. ಅವಸರದಲ್ಲಿ ಯಾರೂ ನೋಡದೆ ಅದರ ಮೇಲೇ ಸಮುದ್ರದ ನೀರು ತುಂಬಿದರು. ಉಪ್ಪಿನ ಅಳತೆ ಕೆಟ್ಟಿತು. ಗೊತ್ತಾಗುವ ಹೊತ್ತಿಗೆ ಹಡಗು ಆ ಜಾಗ ಬಿಟ್ಟು ಬಹುದೂರ ಬಂದಿತ್ತು.

"ನಾನೇ ಬಿಟ್ಟಿದ್ದು ಸಾರ್ ಅಂದೆ. ನೀರು ಅಳೆಯೋ ಸಾಹೇಬ್ರು ಬೈಲಿಲ್ಲ. 'ಇನ್ನು ಮಳೆ ಹಿಡಿಯುತ್ತಪ್ಪ, ಈ ನೀರು ಮುಂದಿನ ಬೇಸಿಗೆಗೇ ಸಿಗೋದು' ಅಂದ್ರು. ಬೈದಿದ್ರೇ ಚೆನ್ನಾಗಿತ್ತು."

ಆ ಬೇಸಿಗೆ ಈಗ ಬಂದಿದೆ. ಹಡಗು ಮತ್ತೆ ಅದೇ ಜಾಗಕ್ಕೆ ಹೊರಡಲಿದೆ. ಊರಿಗೆ ಮರಳಿರುವ ಇವರಿಗೆ ಕೊಚ್ಚಿಯಿಂದ ಕರೆ ಮಾತ್ರ ಬಂದಿಲ್ಲ. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಸಾಕು, ಅಂಚೆಯವನೇನೋ ಎಂದು ಇವರ ಕೈ ಚರಕದ ಮೇಲೆ ನಿಂತುಬಿಡುತ್ತದೆ. ನೋಡಿ ನನಗೆ ಸಂಕಟವಾಯಿತು. ತಾಯಿಗೆ ಅದಕ್ಕಿಂತ ಹೆಚ್ಚು: "ನಾನು ಕಲಿಸಿದ ಬುದ್ಧೀನೇ ಮಗೂಗೆ ಮುಳುವಾಯ್ತಲ್ಲಪ್ಪಾ. ಒಂದು ಸಲ ಹೋಗಿ ಸರಿಮಾಡಿ ಬರ್ಲಿ."

ನಾನು ತಂದಿದ್ದ ಫ್ಲಾಸ್ಕಿನ ಕಾಫಿಯನ್ನು ಮೂವರೂ ಹಂಚಿಕೊಂಡು ಕುಡಿದಿದ್ದೆವು. ಹೊರಡುವಾಗ ಆಕೆ ಅದನ್ನು ತೊಳೆದು ತಂದುಕೊಟ್ಟರು. ಕೈಗೆ ಭಾರವೆನಿಸಿತು. ಒಳಗೆ ಬಿಸಿ ಚಹಾ.

ಅಮಾನುಲ್ಲಾ ಆಗ ನಕ್ಕರು. "ತಗೊಳ್ಳಿ ಸಾರ್, ಮನೆ ಪದ್ಧತಿ ಬಿಡಕ್ಕಾಗಲ್ಲ. ಹಡಗಿನೋರು ಒಂದು ಸಲ ಕರೀಲಿ. ಆ ಬಾಟ್ಲಿ ಮಾತ್ರ ಬರಿದಾಗೇ ಕೊಡ್ತೀನಿ."